ಬಾವುಟ ಮೇಲಿತ್ತು

ನಾನು ನಿಂತಿದ್ದು ನಮ್ಮ ಘಟಕದ ಹಿಂದಿನ ಗೇಟಿನ ಒಳಗೆ, ಗಾಡಿ ತೂಗುವ ಕಟ್ಟೆಯ ಎಡತುದಿಯಲ್ಲಿ. ಎರಡು ವರ್ಷದ ಹಿಂದೆ, ಶಿವರಾತ್ರಿ ಕಳೆದ ಎರಡನೇ ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಗಂಟೆ ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣವಿದೆ. ಒಲೆ ಹೊತ್ತಿಸಿದ ಸಮಯವನ್ನು ಪುಸ್ತಕದಲ್ಲಿ ಬರೆಯಬೇಕಿತ್ತು, ಅದಕ್ಕಾಗಿ ಗಡಿಯಾರ ನೋಡಿದವನು ನಾನೇ. ನನ್ನ ಮುಖ ದಕ್ಷಿಣಕ್ಕಿತ್ತು. ಎದುರಿಗೆ ತಂತಿಬೇಲಿ. ಬೇಲಿಯಾಚೆ ಮಡಿವಾಳರು ಬಟ್ಟೆ ಒಣಹಾಕುವ ಬಯಲು. ಬಯಲಿನ ನಡುವೆ ಒಂದು ಬಿದಿರು, ಬಿದಿರಿನ ತುದಿಯಲ್ಲಿ ಕೆಂಪು ಬಟ್ಟೆ. ಬಿಸಿಲು ಎಡಗಡೆಯಿಂದ ಬೀಳುತ್ತಿತ್ತು, ಕಣ್ಣಿಗೆ ಅಡ್ಡ ಬರುತ್ತಿರಲಿಲ್ಲ. ಆಮೇಲೆ ಒಂದು ದಿನ ಹೋಗಿ, ಬೇಲಿಯನ್ನು ಬಳಸಿಕೊಂಡು ಎಣಿಸಿ ನೋಡಿದೆ. ನಾನು ನಿಂತಲ್ಲಿಂದ ಆ ಬಿದಿರಿನ ಬುಡಕ್ಕೆ ನೂರ ಮೂವತ್ತು ಹೆಜ್ಜೆಗಿಂತ ಹೆಚ್ಚಿಲ್ಲ.

ನಾನು ಆಗ ಒಂದು ಇಂಗಾಲ ತೆಗೆಯುವ ಕಂಪನಿಯಲ್ಲಿದ್ದೆ. ಸರ್ಕಾರದ ಅನುಮತಿಗಳು ಮತ್ತು ಸುತ್ತಲಿನ ಜನರ ಸಂಬಂಧ, ಎರಡಕ್ಕೂ ನಾನೇ ಮುಖ್ಯಸ್ಥ. ಕೆಲಸವನ್ನು ಸರಳವಾಗಿ ಹೇಳುವುದಾದರೆ ಇಷ್ಟು: ನಗರದಲ್ಲಿ ಕುಡಿದು ಎಸೆದ ಎಳನೀರು ಬುರುಡೆ, ರಸ್ತೆ ಬದಿಯಲ್ಲಿ ಕಡಿದ ಕೊಂಬೆ, ಇವು ಕೊಳೆತರೂ ಸುಟ್ಟರೂ ಅವುಗಳೊಳಗಿನ ಇಂಗಾಲ ಮತ್ತೆ ಗಾಳಿಗೇ ಸೇರುತ್ತದೆ. ಗಾಳಿಯಾಡದ ದೊಡ್ಡ ಕಬ್ಬಿಣದ ಒಲೆಯಲ್ಲಿ ಕಾಯಿಸಿದರೆ ಇದ್ದಿಲಾಗುತ್ತದೆ. ಇದ್ದಿಲನ್ನು ಹೊಲದ ಮಣ್ಣಿಗೆ ಬೆರೆಸಿ ಹೂತರೆ ಬಹುಕಾಲ ಅಲ್ಲೇ ಉಳಿಯುತ್ತದೆ. ಹೀಗೆ ಹೂತದ್ದಕ್ಕೆ ದೂರದೇಶದ ಕಂಪನಿಗಳು ಹಣ ಕೊಡುತ್ತವೆ. ಅದಕ್ಕೂ ಮುಂಚೆ ನಾನು ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳಿಗೆ ಅನುಮತಿ ಅರ್ಜಿ ಬರೆದುಕೊಡುತ್ತಿದ್ದವನು. ಲೋಹದ ಸಾಮಾನಿಗೆ ಮುಲಾಮು ಹಾಕುವವರು, ಬಣ್ಣ ಹಾಕುವವರು, ಮೋರಿಗೆ ಏನು ಬಿಡುತ್ತಾರೆಂದು ನನಗೆ ಗೊತ್ತಿದ್ದೂ ಬೇರೆಯದನ್ನು ಬರೆಸಿಕೊಳ್ಳುತ್ತಿದ್ದವರು. ಈ ಕೆಲಸ ಸಿಕ್ಕಾಗ ಬಸವೇಶ್ವರನಗರದ ಮನೆಯಲ್ಲಿ ಹೆಂಡತಿಗೆ ಹೇಳಿದ್ದೆ, ಇನ್ನು ಮೇಲೆ ನಿಜವನ್ನೇ ಬರೆಯುವ ಕೆಲಸ ಎಂದು. ಅವಳಿಗೆ ಆ ಮಾತು ನೆನಪಿದೆ. ಎಂದೂ ಎತ್ತಿ ಆಡಿಲ್ಲ.

ಘಟಕವಿದ್ದದ್ದು ಕೆಂಗೇರಿ ಉಪನಗರದ ಆಚೆ, ಹಿಂದೆ ಇಟ್ಟಿಗೆ ಸುಡುತ್ತಿದ್ದ ಜಾಗದಲ್ಲಿ. ಪಕ್ಕದಲ್ಲೇ ದೋಬಿಘಾಟ್. ಹೊಳೆಯ ನೀರು ಮುಟ್ಟಲಾಗದಷ್ಟು ಕೆಟ್ಟು ಎಷ್ಟೋ ವರ್ಷವಾಗಿತ್ತು, ಕೊಳವೆಬಾವಿ ಹಾಕಿಕೊಂಡು ತಗ್ಗಿನಲ್ಲಿ ತೊಟ್ಟಿ, ಒಗೆಯುವ ಕಲ್ಲು ಮಾಡಿಕೊಂಡಿದ್ದರು. ಒಣಹಾಕುವ ಬಯಲು ಮೇಲೆ, ನಮ್ಮ ಬೇಲಿಗೆ ತಾಗಿ. ಕೆಲಸ ಶುರುವಾಗುವ ಮುಂಚೆ ಅಕ್ಕಪಕ್ಕದವರ ಸಭೆ ಕರೆಯಬೇಕೆಂಬುದು ಅನುಮತಿಯ ಒಂದು ಷರತ್ತು. ಘಾಟಿನ ಮುನೇಶ್ವರನ ಗುಡಿ ಕಟ್ಟೆಯ ಮೇಲೆ ಸಭೆ ಮಾಡಿದೆವು. ನಾನು ಚಿತ್ರ ತೋರಿಸಿ, ಗಾಳಿ, ಮಳೆ, ಭೂಮಿಯ ಬಿಸಿ ಎಲ್ಲ ವಿವರಿಸಿದೆ. ಎಲ್ಲರೂ ಕೇಳಿಸಿಕೊಂಡರು. ಆಮೇಲೆ ಮೂವತ್ತೈದರ ಆಸುಪಾಸಿನ ಒಬ್ಬ ಹೆಂಗಸು ಎದ್ದು ನಿಂತರು.

"ನಮ್ದು ಬಿಳಿ ಬಟ್ಟೆ ಸಾರ್. ನರ್ಸಿಂಗ್ ಹೋಮಿಂದು. ಒಂದ್ ಚುಕ್ಕೆ ಬಿದ್ರೂ ವಾಪಸ್ ಎಸೀತಾರೆ. ನಿಮ್ ಹೊಗೆ ಬಂದ್ರೆ ಏನ್ ಮಾಡೋದು?"

"ಹೊಗೆ ಬರೋದು ಹೊತ್ತಿಸುವಾಗ ಅರ್ಧ ಗಂಟೆ ಅಷ್ಟೇ ಅಮ್ಮ. ಆಮೇಲೆ ಅದು ಒಲೆ ಒಳಗೇ ಉರಿದುಹೋಗುತ್ತೆ."

"ಆ ಅರ್ಧ ಗಂಟೆನೇ ಕೇಳ್ತಿರೋದು ಸಾರ್ ನಾನು."

ಕಟ್ಟೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆಗ ಮಾತಾಡಿದವರು ಆಕೆಯ ಮಾವ, ಘಾಟಿಗೇ ಹಿರಿಯರು. ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು.

"ಹಂಗಾದ್ರೆ ಒಂದ್ ಗುರುತು ಇಟ್ಕೊಳಣ. ನಮ್ ಹಗ್ಗ ತುಂಬಿದ್ರೆ ನಾನು ಮೇಲೆ ಏನಾದ್ರೂ ಕಟ್ತೀನಿ. ಅದು ಕಟ್ಟಿರೋವರ್ಗೂ ನೀವು ಒಲೆ ಹಚ್ಚಂಗಿಲ್ಲ. ಆಗುತ್ತಾ?"

ಆಗುತ್ತೆ ಎಂದೆ. ಇಷ್ಟು ಸುಲಭದಲ್ಲಿ ಒಪ್ಪಂದ ಮುಗಿದದ್ದು ನನಗೇ ಆಶ್ಚರ್ಯ. ಮರುದಿನವೇ ಕಂಪನಿಯ ಹೆಸರಿದ್ದ ಹಸಿರು ಬಾವುಟವೊಂದನ್ನು ತಂದುಕೊಟ್ಟೆ. ಯಜಮಾನರು ಅದನ್ನು ಬಿದಿರಿಗೆ ಕಟ್ಟಿ ಎತ್ತಿ ನಿಲ್ಲಿಸಿದರು, ಹಿಂದೆ ಸರಿದು ನೋಡಿದರು. ಹಿನ್ನೆಲೆಯಲ್ಲಿ ಸಾಲು ಹೊಂಗೆ ಮರ.

"ಎಲೆ ಮಧ್ಯ ಎಲೆ ಕಟ್ದಂಗಿದೆ ಸಾರ್," ಎಂದು ಒಳಗೆ ಹೋಗಿ ಒಂದು ಕೆಂಪು ಲಂಗ ತಂದರು. ಅಂಚಿನಲ್ಲಿ ಕರಿಗೇರಿನ ರಸದಿಂದ ಇಟ್ಟ ಮೂರು ಚುಕ್ಕೆ, ಒಂದು ಗೀಟು. "ನೋಡಿ, ವಿಜಯನಗರದ ಮನೇದು. ಮನೆ ಖಾಲಿ ಮಾಡ್ಕೊಂಡ್ ಹೋದ್ರು. ಹನ್ನೆರಡು ವರ್ಷ ಆಯ್ತು, ಕೇಳ್ಕೊಂಡ್ ಬಂದಿಲ್ಲ. ನಾನೂ ಬಿಸಾಕಿಲ್ಲ."

"ಪರ್ವಾಗಿಲ್ಲ ಮಾವ," ಎಂದರು ಸೊಸೆ, "ಯಾರ್ದೋ ಲಂಗ ಕಂಡ್ರೆ ಕಂಪನಿನೇ ಕೈಕಟ್ಕೊಂಡ್ ನಿಲ್ಲುತ್ತೆ ಅನ್ನಿ!"

ಆ ಚುಕ್ಕೆಗಳ ವಿಷಯ ಇಲ್ಲಿ ಹೇಳಬೇಕು. ಮಡಿವಾಳರು ಒಂದೊಂದು ಮನೆಯ ಬಟ್ಟೆಗೂ ಒಂದೊಂದು ಗುರುತು ಇಡುತ್ತಾರೆ, ಎಷ್ಟು ಒಗೆದರೂ ಹೋಗುವುದಿಲ್ಲ. ಯಜಮಾನರಿಗೆ ಓದು ಬರಹ ಬಾರದು. ಆದರೆ ಒಂದು ಮನೆಯ ಬಟ್ಟೆ ಇನ್ನೊಂದು ಮನೆಗೆ ಹೋಯಿತೆಂಬ ಮಾತು ಅವರ ಮೇಲೆ ಒಂದು ಸಲವೂ ಬಂದಿರಲಿಲ್ಲ. ಘಾಟಿನಲ್ಲಿ ಗುರುತು ಅಳಿಸಿಹೋದ ಬಟ್ಟೆ ಯಾರಿಗೆ ಸಿಕ್ಕರೂ ಅವರ ಹತ್ತಿರವೇ ತರುತ್ತಿದ್ದರು. ಅಂಚು ಮುಟ್ಟಿ ನೋಡಿ ಹೇಳುತ್ತಿದ್ದರು.

ನಮ್ಮ ದಿನಚರಿ ಹೀಗಿತ್ತು. ಬೆಳಿಗ್ಗೆ ಆರಕ್ಕೆ ಒಲೆ ಹೊತ್ತಿಸುವುದು. ಆರೂವರೆಗೆ ಹೊಗೆ ನಿಲ್ಲುವುದು. ಏಳರ ಮೇಲೆ ಅವರು ಹಗ್ಗಕ್ಕೆ ಬಟ್ಟೆ ಹಾಕುವುದು, ಬಾವುಟ ಕಟ್ಟುವುದು. ಹಗಲಲ್ಲಿ ಒಲೆ ಆರಿಹೋದರೆ, ಬಾವುಟ ಇಳಿಯುವವರೆಗೆ ಮತ್ತೆ ಹಚ್ಚುವಂತಿಲ್ಲ. ಒಲೆಯ ದಿನಚರಿ ಪುಸ್ತಕದಲ್ಲಿ ನಾನು ಒಂದು ಕಾಲಂ ಸೇರಿಸಿದೆ: ಹೊತ್ತಿಸುವಾಗ ಬಾವುಟ ಇತ್ತೇ, ಇರಲಿಲ್ಲವೇ. ಪುಸ್ತಕ ತುಂಬುತ್ತಿದ್ದವರು ಒಲೆಯ ಆಪರೇಟರ್, ನಾಯಂಡಹಳ್ಳಿಯವರು, ಬಾಯ್ಲರ್ ಕೆಲಸದಲ್ಲಿ ಪಳಗಿದವರು. ಕೆಳಗೆ ಸಹಿ ನನ್ನದು. ಒಮ್ಮೆ ಹೀಗೇ ಮಧ್ಯಾಹ್ನ ಒಲೆ ಆರಿತು. ಬಾವುಟ ಮೇಲಿತ್ತು. ಸಂಜೆಯವರೆಗೆ ಕಾದೆವು. ಅವತ್ತು ಯಜಮಾನರು ಬೇಲಿಯವರೆಗೆ ನಡೆದು ಬಂದು, ಕೈಯೆತ್ತಿ, "ಮಾತು ಅಂದ್ರೆ ಮಾತು ಸಾರ್ ನಿಮ್ದು," ಎಂದರು. ನನ್ನ ವೃತ್ತಿಯಲ್ಲಿ ನನಗೆ ಸಿಕ್ಕ ಪ್ರಶಸ್ತಿ ಅದೊಂದೇ.

ಈಗ ಆ ಗುರುವಾರಕ್ಕೆ ಬರುತ್ತೇನೆ. ನಾವು ನಿಜವಾಗಿ ಇಂಗಾಲ ಹೂಳುತ್ತಿದ್ದೇವೆಯೇ ಎಂದು ನೋಡಲು ಹೊರದೇಶದಿಂದ ಇಬ್ಬರು ಪರಿಶೀಲಕರು ಬರುವವರಿದ್ದರು, ಒಬ್ಬ ಗಂಡಸು, ಒಬ್ಬ ಹೆಂಗಸು. ಬುಧವಾರ ಸಂಜೆ ನಾಲ್ಕಕ್ಕೆ ಆಪರೇಟರ್ ಪುಸ್ತಕ ಹಿಡಿದು ಬಂದರು.

"ಸಾರ್, ನಾಳೆ ಸಾಲಲ್ಲಿ ಬಾವುಟದ ಕಾಲಂ ಈಗ್ಲೇ ತುಂಬ್ಬಿಡ್ಲಾ? ಬೆಳಿಗ್ಗೆ ಗಡಿಬಿಡಿಲಿ ಖಾಲಿ ಬಿಟ್ರೆ ಅವ್ರು ಹಿಡ್ಕೊಂಡ್ ಬಿಡ್ತಾರೆ."

"ತುಂಬಿ. ಆರು ಗಂಟೆಗೆ ಯಾರು ಬಾವುಟ ಕಟ್ತಾರೆ?"

ಅವರು 'ಇರಲಿಲ್ಲ' ಎಂದು ದುಂಡಗೆ ಬರೆದರು. ಸಮಯದ ಕಾಲಂ ಮಾತ್ರ ಖಾಲಿ ಬಿಟ್ಟರು. ನಾನು ಸಹಿ ಹಾಕಿದೆ. ಸುಳ್ಳು ಬರೆಯುತ್ತಿದ್ದೇವೆ ಎಂದು ಇಬ್ಬರಿಗೂ ಅನ್ನಿಸಲಿಲ್ಲ. ಪ್ರತಿದಿನವೂ ಅದನ್ನೇ ಬರೆಯುತ್ತಿದ್ದೆವು, ಅದು ನಿಜವೂ ಆಗಿರುತ್ತಿತ್ತು.

ಗುರುವಾರ ಐದೂಮುಕ್ಕಾಲಿಗೆ ಕಂಪನಿಯ ಮುಖ್ಯಸ್ಥರ ಫೋನು. ಪರಿಶೀಲಕರಿಗೆ ತಣ್ಣಗಿರುವ ಒಲೆ ಹೊತ್ತಿಸುವುದನ್ನೇ ಕಣ್ಣಾರೆ ನೋಡಬೇಕಂತೆ, ಅವರು ಬರುವವರೆಗೂ ಹಚ್ಚಬೇಡಿ ಎಂದರು. ಏಳಕ್ಕೆ ಬರುತ್ತಾರೆ ಎಂದುಕೊಂಡೆವು. ಬರಲಿಲ್ಲ. ವಿಮಾನ ತಡವಾಗಿತ್ತು, ಆಮೇಲೆ ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡರು. ಒಂಬತ್ತು ಗಂಟೆಗೆ ನನಗೆ ಬಾವುಟದ ನೆನಪಾಯಿತು. ಸೊಸೆಯ ನಂಬರು ನನ್ನ ಫೋನಿನಲ್ಲಿತ್ತು. ಇವತ್ತು ಒಲೆ ತಡ, ಸ್ವಲ್ಪ ಹಗ್ಗ ಖಾಲಿ ಬಿಡಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಇನ್ನೇನು ಬಂದುಬಿಡುತ್ತಾರೆ ಎಂದು ಸುಮ್ಮನಿದ್ದೆ. ಹತ್ತಕ್ಕೂ ಹಾಗೇ ಅಂದುಕೊಂಡೆ.

ಹನ್ನೊಂದೂ ಹತ್ತಕ್ಕೆ ಅವರ ಕಾರು ಬಂತು. ಕಂಪನಿಯ ಮುಖ್ಯಸ್ಥರು ಗಂಡಸನ್ನು ಒಲೆಯ ಆಚೆ ಬದಿಗೆ ಕರೆದುಕೊಂಡು ಹೋದರು. ಅಲ್ಲಿಂದ ಬಯಲು ಕಾಣುವುದಿಲ್ಲ. ಹೆಂಗಸು ನನ್ನ ಪಕ್ಕದಲ್ಲಿ ನಿಂತರು. ಎಳನೀರು ಬುರುಡೆ ತಂದಿದ್ದ ಗೂಡ್ಸ್ ಆಟೊ ತೂಕದ ಕಟ್ಟೆಯ ಮೇಲಿತ್ತು. ಅದರ ಚಾಲಕ ತಲೆ ಹೊರಗೆ ಹಾಕಿ ಆಪರೇಟರಿಗೆ ಹೇಳಿದ: "ರೆಡ್ ಸಿಗ್ನಲ್ ಬಿದ್ದಿದೆ ಗುರು, ನಿಲ್ಸು ಗಾಡಿ!"

ಆಪರೇಟರ್ ನಗಲಿಲ್ಲ. ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಸಾರ್, ಬಾವುಟ ಮೇಲಿದೆ," ಎಂದರು.

ನಾನು ನೋಡಿದೆ. ಕೆಂಪು ಲಂಗ ಗಾಳಿಗೆ ಪೂರ್ತಿ ಬಿಚ್ಚಿಕೊಂಡಿತ್ತು. ಅದರ ಕೆಳಗೆ ಸಾಲುಸಾಲು ಬಿಳಿ ಹಾಸುಬಟ್ಟೆ. ಯಜಮಾನರು ಒಬ್ಬರೇ ಬಿದಿರಿನ ಬುಡದಲ್ಲಿ ಕೂತಿದ್ದರು. ಪರಿಶೀಲಕಿಯೂ ಆ ಕಡೆ ನೋಡಿದರು. ಆ ಕೆಂಪು ಏನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬಟ್ಟೆ ಒಣಹಾಕಿದ್ದಾರೆ ಎಂದೆ.

ಆಮೇಲೆ ಆಪರೇಟರ್ ಕಡೆ ತಿರುಗಿದೆ. "ಗಾಳಿ ಆ ಕಡೆಗಿಲ್ಲ. ಹಚ್ಚಿ."

ಗಾಳಿ ನಿಜಕ್ಕೂ ಆ ಕಡೆಗಿರಲಿಲ್ಲ. ಮೊದಲ ಹತ್ತು ಹನ್ನೆರಡು ನಿಮಿಷ ಹೊಗೆ ಮೈಸೂರು ರಸ್ತೆಯ ಕಡೆಗೇ ಹೋಯಿತು, ಆಮೇಲೆ ಗಾಳಿ ತಿರುಗಿತು. ಹನ್ನೊಂದೂ ಮೂವತ್ತನಾಲ್ಕಕ್ಕೆ ಕರೆಂಟು ಹೋಯಿತು. ಹೊಗೆಯನ್ನು ಮೇಲೆ ತಳ್ಳುವ ಫ್ಯಾನು ನಿಂತಿತು. ಜನರೇಟರ್ ಮೂರು ಸಲ ಕೆಮ್ಮಿ ನಾಲ್ಕನೇ ನಿಮಿಷಕ್ಕೆ ಹತ್ತಿಕೊಂಡಿತು. ಅಷ್ಟರಲ್ಲಿ ಹಳದಿಗಪ್ಪು ಹೊಗೆ ಒಲೆಯ ಬಾಯಿಂದಲೇ ಉಕ್ಕಿ, ನೆಲ ಹಿಡಿದು, ಬೇಲಿ ದಾಟಿತ್ತು. ಫ್ಯಾನು ಮತ್ತೆ ತಿರುಗಿದಾಗ ಕೊಳವೆಯೊಳಗೆ ಕಟ್ಟಿಕೊಂಡಿದ್ದ ಜಿಗುಟೆಲ್ಲ ಹನಿಹನಿಯಾಗಿ ಹಾರಿತು.

ಯಜಮಾನರು ಎದ್ದರು. ಆ ವಯಸ್ಸಿಗೆ ಓಡಬಾರದ ಹಾಗೆ ಓಡಿದರು. ಹಾಸುಬಟ್ಟೆಗಳನ್ನು ಒಂದೊಂದಾಗಿ ಎಳೆಯಲು ಹೊತ್ತಿಲ್ಲವೆಂದು, ಹಗ್ಗಕ್ಕೆ ಆಸರೆಯಾಗಿದ್ದ ನಡುವಿನ ಬಿದಿರನ್ನೇ ಕಿತ್ತು ಕೆಡವಿದರು. ಹಗ್ಗ ಸಡಿಲವಾಗಿ ಬಟ್ಟೆಯೆಲ್ಲ ಕೈಗೆ ಬಂತು. ಬಾವುಟ ಕಟ್ಟಿದ್ದು ಅದೇ ಬಿದಿರಿಗೆ. ಇದನ್ನೂ ನಾನು ನೋಡಿದೆ. ತಗ್ಗಿನಲ್ಲಿ, ಬಾವುಟ ಕಾಣದ ಕಡೆ ಒಗೆಯುತ್ತಿದ್ದವರು ಮೇಲೆ ಹತ್ತಿ ಬರುವಷ್ಟರಲ್ಲಿ ಕೆಂಪು ಲಂಗ ನೆಲದ ಮೇಲೆ, ಗಂಟಿನ ಕೆಳಗಿತ್ತು. ಸೊಸೆ ಮೊಪೆಡ್ಡಿನಲ್ಲಿ ಉಪನಗರಕ್ಕೆ ಬಟ್ಟೆ ಕೊಡಲು ಹೋಗಿದ್ದವರು ಹನ್ನೆರಡೂಕಾಲಿಗೆ ಬಂದರು. ಹಾಸುಬಟ್ಟೆಗಳ ಮೇಲೆ ಬಿದ್ದ ಹೊಗೆಯ ಚುಕ್ಕೆಗಳು ಎಷ್ಟು ಒಗೆದರೂ ಹೋಗಲಿಲ್ಲ. ಆ ವಾರವೇ ನರ್ಸಿಂಗ್ ಹೋಮಿನವರು ತಮ್ಮ ಬಟ್ಟೆಯನ್ನು ಮೆಶಿನ್ ಲಾಂಡ್ರಿಯೊಂದಕ್ಕೆ ಕೊಟ್ಟರು.

ನಾಲ್ಕನೇ ದಿನ ಅದೇ ಗುಡಿ ಕಟ್ಟೆಯ ಮೇಲೆ ವಿಚಾರಣೆ. ಘಾಟಿನವರ ದೂರಿನ ಮೇಲೆ ಇಲಾಖೆಯಿಂದ ಒಬ್ಬ ಅಧಿಕಾರಿ ಬಂದಿದ್ದರು, ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯ ಹೆಣ್ಣುಮಗಳು. ಆಪರೇಟರನ್ನು ನಾನೇ ಆ ದಿನ ರಜೆ ಹಾಕಿಸಿ ಮನೆಗೆ ಕಳಿಸಿದ್ದೆ. ಅಧಿಕಾರಿಗೆ ಬೇಕಾದದ್ದು ಒಂದೇ ಉತ್ತರ. ಬಾವುಟ ಇದ್ದಾಗ ಹಚ್ಚಿದ್ದರೆ ಒಪ್ಪಂದ ಮುರಿದವರು ನಾವು. ಇಲ್ಲದಾಗ ಹಚ್ಚಿದ್ದರೆ ಕರೆಂಟು ಹೋದದ್ದು ಯಾರ ತಪ್ಪೂ ಅಲ್ಲ.

"ಬಾವುಟ ಕಟ್ಟಿದ್ರಾ ತಾತ?"

"ಕಟ್ಟಿದ್ದೆ ತಾಯಿ."

ಅಧಿಕಾರಿ ನನ್ನ ಮುಖ ನೋಡಿದರು. ನಾನು ಪುಸ್ತಕ ತೆರೆದು, ಆ ಪುಟ ಅವರಿಗೆ ನೇರವಾಗಿ ಕಾಣುವಂತೆ ತಿರುಗಿಸಿ, ಮುಂದೆ ತಳ್ಳಿದೆ. ಅವರು ಗಟ್ಟಿಯಾಗಿ ಓದಿದರು: "ಇರಲಿಲ್ಲ."

ಹಿಂದಿನಿಂದ ಯಾರೋ, "ಎಂಬತ್ತಾಯ್ತು ಯಜಮಾನ್ರಿಗೆ, ಮರ್ತಿರ್ತಾರೆ ಬಿಡಿ ಮೇಡಂ," ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಯಜಮಾನರು ಸೊಸೆಯ ಕಡೆ ತಿರುಗಿದರು.

"ಲಂಗ ಕೆಳಗ್ ಬಿದ್ದಿತ್ತು ಮಾವ. ಹೊಗೆ ಬಂದ್ಮೇಲೆ ಕಟ್ಟಕ್ ಹೋಗಿರ್ಬೇಕು ನೀವು. ಹೋಗ್ಲಿ ಬಿಡಿ."

"ಇಲ್ಲಮ್ಮ," ಎಂದರು ಅವರು. ಆಮೇಲೆ, "ಕಟ್ಟಿದ್ದೆ ಅನ್ಸುತ್ತೆ," ಎಂದರು. 'ಕಟ್ಟಿದ್ದೆ' ಎಂಬುದು 'ಕಟ್ಟಿದ್ದೆ ಅನ್ಸುತ್ತೆ' ಆದದ್ದು ನನ್ನ ಎದುರಿಗೆ, ನಾಲ್ಕು ಅಡಿ ದೂರದಲ್ಲಿ.

ವಾಪಸು ಬರುವಾಗ ಕಾರಿನಲ್ಲಿ ಕಂಪನಿಯ ಮುಖ್ಯಸ್ಥರು, "ದಾಖಲೆ ಚೆನ್ನಾಗಿ ಇಟ್ಟಿದ್ದೀರಿ," ಎಂದರು. ಅವರಿಗೆ ನಿಜ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಥ್ಯಾಂಕ್ಸ್ ಎಂದೆ.

ಬಾವುಟ ಕಟ್ಟುವ ಕೆಲಸವನ್ನು ಘಾಟಿನವರು ಬೇರೊಬ್ಬರಿಗೆ ಕೊಟ್ಟರು. ಒಂದು ತಿಂಗಳಾದ ಮೇಲೆ ಗೇಟಿನ ಬಳಿ ಸಿಕ್ಕಿದ ಸೊಸೆ ಬೇರೇನೋ ಮಾತಾಡುತ್ತಾ ಹೇಳಿದರು: "ಮಾವ ಈಗೀಗ ಒಂದೊಂದ್ ಗಂಟೂ ನನ್ ಹತ್ರ ತಂದು, ಗುರುತು ಸರಿಯಾಗಿದ್ಯಾ ನೋಡಮ್ಮ ಅಂತಾರೆ ಸಾರ್. ಮುಂಚೆ ನಾವು ಅವ್ರನ್ನ ಕೇಳ್ತಿದ್ವಿ." ಅವರ ಗಂಟುಗಳಲ್ಲಿ ತಪ್ಪೇನಾದರೂ ಇರುತ್ತಿತ್ತೇ ಎಂದು ಕೇಳಿದೆ. ಒಂದೂ ಇಲ್ಲ ಎಂದರು.

ಯುಗಾದಿ ಕಳೆದು ಕೆಲವು ದಿನಕ್ಕೆ ಯಜಮಾನರೇ ಬೇಲಿಯ ಹತ್ತಿರ ಬಂದು ನಿಂತು ನನ್ನನ್ನು ಕರೆದರು. ಸುತ್ತ ಯಾರೂ ಇರಲಿಲ್ಲ.

"ಸಾರ್, ಒಂದ್ ಮಾತು. ಜಗಳಕ್ಕಲ್ಲ. ನೀವು ಅವತ್ತು ಅಲ್ಲೇ ನಿಂತಿದ್ರಿ. ನಾನು ಕಟ್ಟಿದ್ನಾ ಇಲ್ವಾ? ನೀವು ಹೆಂಗ್ ಹೇಳಿದ್ರೆ ಹಂಗೆ."

ಇದು ಅಧಿಕಾರಿಯ ಪ್ರಶ್ನೆಯಲ್ಲ, ದಾಖಲೆಗೆ ಹೋಗುವ ಮಾತೂ ಅಲ್ಲ. ಹೌದು ಎಂದಿದ್ದರೆ ಕೇಳುತ್ತಿದ್ದವರು ಅವರೊಬ್ಬರೇ. ಅದನ್ನು ಅವರು ಯಾರ ಮುಂದೆ ಹೇಳಿದ್ದರೂ ಜನ ನಂಬುತ್ತಿರಲಿಲ್ಲ. ಅಷ್ಟು ಸುರಕ್ಷಿತವಾಗಿದ್ದೆ ನಾನು. ಆದರೂ ಹೇಳಿದೆ: "ನಾನು ಆ ಕಡೆ ನೋಡ್ಲಿಲ್ಲ ಯಜಮಾನ್ರೇ."

"ಹಂಗಾ," ಎಂದರು. ಹಿಡಿದಿದ್ದ ಬೇಲಿಯ ತಂತಿ ಬಿಟ್ಟರು. "ಸರಿ ಬಿಡಿ. ನೀವೂ ಕೆಲಸದಲ್ಲಿದ್ರಿ." ನನಗೇ ಸಮಾಧಾನ ಹೇಳಿ ಹೋದರು.

ಕಾರ್ತಿಕದಲ್ಲಿ ಅವರು ತೀರಿಕೊಂಡರು. ವಯಸ್ಸಾಗಿತ್ತು, ಎದೆಯ ಕಾಯಿಲೆ ಮೊದಲಿನಿಂದ ಇತ್ತು. ಅವರ ಸಾವಿಗೆ ನಾನು ಕಾರಣ ಎಂದು ಬರೆಯಲಾರೆ, ಅದು ನನಗೆ ಗೊತ್ತಿಲ್ಲ. ತಮ್ಮ ನೆನಪನ್ನು ತಾವೇ ನಂಬದೆ ಹೋದರು ಎಂಬುದಕ್ಕೆ ನಾನೇ ಕಾರಣ. ಅದು ಗೊತ್ತಿದೆ. ಎರಡು ತಿಂಗಳ ನಂತರ ಕೆಲಸ ಬಿಟ್ಟೆ. ಇದಕ್ಕಾಗಿಯೇ ಬಿಟ್ಟೆ ಎಂದರೆ ಅದೂ ಪೂರ್ತಿ ನಿಜವಲ್ಲ, ಬೇರೆ ಕಾರಣಗಳಿದ್ದವು. ಈಗಲೂ ಎಂದಾದರೂ ಮೆಟ್ರೊದಲ್ಲಿ ಕೆಂಗೇರಿ ಕಡೆ ಹೋದರೆ ಬಯಲು ಕಾಣದ ಬದಿಯಲ್ಲಿ ಕೂರುತ್ತೇನೆ.

ಈ ವರ್ಷ ಒಂದು ದಿನ ಬೆಳಿಗ್ಗೆ ಘಾಟಿಗೆ ಹೋದೆ. ಸೊಸೆ ಮನೆ ಮುಂದೆ ಇಸ್ತ್ರಿ ಹಾಕುತ್ತಿದ್ದರು. ನಿಂತೇ ಎಲ್ಲ ಹೇಳಿದೆ: ಗೇಟು, ಕಟ್ಟೆ, ಕೆಂಪು ಲಂಗ, ಕಿತ್ತ ಬಿದಿರು, ಹಿಂದಿನ ಸಂಜೆಯೇ ತುಂಬಿದ ಪುಟ, ಬೇಲಿಯ ಬಳಿ ಅವರು ಕೇಳಿದ್ದು, ನಾನು ಹೇಳಿದ್ದು. ಆಕೆ ಕೈ ನಿಲ್ಲಿಸಲಿಲ್ಲ. ಒಂದು ಅಂಗಿ ಮುಗಿಸಿ, ಮಡಿಸಿ, ಪಕ್ಕಕ್ಕಿಟ್ಟು, ಆಮೇಲೆ ಇಸ್ತ್ರಿಪೆಟ್ಟಿಗೆ ನಿಲ್ಲಿಸಿದರು.

"ನನ್ ಬಾಯಿಂದ್ಲೇ ಹೇಳ್ಸಿದ್ರಲ್ಲ ಸಾರ್. ಹೋಗ್ಲಿ ಬಿಡಿ ಅಂತ."

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಆಕೆ ಕೈ ಅಡ್ಡ ಹಿಡಿದರು.

"ಬಾಯಿಮಾತಲ್ಲಿ ಬೇಡ. ಬಾಯಿಮಾತು ನಮ್ ಮಾವನ ಹತ್ರಾನೂ ಇತ್ತು. ಬರ್ದು ಕೊಡಿ. ಯಾರ್ ಯಾರ್ ನೋಡಿದ್ರು ಅಂತಾನೂ ಬರೀರಿ."

ಇಲಾಖೆಗೆ ಕೊಡಬೇಕಾದ ಪತ್ರ ಕೊಟ್ಟಾಯಿತು, ಘಾಟಿನವರಿಗೆ ಅದರ ಪ್ರತಿಯೂ ಕೊಟ್ಟಾಯಿತು. ಅದು ಒಂದೂವರೆ ಪುಟ, ಅರ್ಜಿಯ ಭಾಷೆ. ಅಂಥ ಭಾಷೆಯಲ್ಲೇ ನಾನು ಆಯುಷ್ಯವೆಲ್ಲ ಬಚ್ಚಿಟ್ಟುಕೊಂಡವನು. ಆದ್ದರಿಂದ ಇಲ್ಲಿ ಇನ್ನೊಮ್ಮೆ ಬರೆದಿದ್ದೇನೆ.

ಆ ಗುರುವಾರ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಬಾವುಟ ಮೇಲಿತ್ತು. ಕಟ್ಟಿದವರು ಈಗ ಇಲ್ಲ. ಅದನ್ನು ಕಣ್ಣಾರೆ ಕಂಡು ಇನ್ನೂ ಬದುಕಿರುವವರು ಇಷ್ಟು ಜನ: ಒಲೆಯ ಆಪರೇಟರ್, ಈಗ ನಾಯಂಡಹಳ್ಳಿಯ ಒಂದು ಗೋಡೌನಿನಲ್ಲಿ ಕೆಲಸಕ್ಕಿದ್ದಾರೆ, ಕೇಳಿದರೆ ಹೇಳುತ್ತೇನೆ ಎಂದಿದ್ದಾರೆ; ಗೂಡ್ಸ್ ಆಟೊ ಚಾಲಕ, ಈಗಲೂ ರಾಜಾಜಿನಗರದಿಂದ ಬುರುಡೆ ಹೊರುತ್ತಾನೆ, ತಾನು ಮಾಡಿದ ತಮಾಷೆ ಅವನಿಗೆ ನೆನಪಿದೆ; ಹೊರದೇಶದ ಪರಿಶೀಲಕಿ, ಆಕೆಗೆ ಬರೆದಿದ್ದೇನೆ, ಕೆಂಪು ಬಟ್ಟೆಯೊಂದನ್ನು ಕಂಡದ್ದು ನಿಜ ಎಂದು ಉತ್ತರ ಬಂದಿದೆ; ಮತ್ತು ತೂಕದ ಕಟ್ಟೆಯ ಎಡತುದಿಯಲ್ಲಿ ನಿಂತಿದ್ದ ನಾನು.